ಆರ್‌ವಿ ಕಿಟಕಿಗೆ ಒಂಟಿ ಗಾಜೋ, ಜೋಡಿ ಗಾಜೋ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು, ಹನ್ನೆರಡು ವರ್ಷಗಳಿಂದ ಅಮೆರಿಕದ ಮಿನಿಯಾಪೊಲಿಸ್ ಸಮೀಪ ನೆಲೆಸಿದ್ದೇವೆ. ಈ ವರ್ಷ 24 ಅಡಿ ಉದ್ದದ ಪ್ರವಾಸದ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ, ಒಂದು ಬಗೆಯ ಆರ್‌ವಿ) ಒಂದನ್ನು ಕೊಳ್ಳಬೇಕೆಂದಿದ್ದೇವೆ. ಬೇಸಿಗೆ ರಜೆಯಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ, ಅಕ್ಟೋಬರ್ ಆರಂಭದಲ್ಲಿ ಸುಪೀರಿಯರ್ ಸರೋವರದ ಉತ್ತರ ದಂಡೆ, ಡಿಸೆಂಬರ್ ರಜೆಯಲ್ಲಿ ದಕ್ಷಿಣದ ಟೆಕ್ಸಾಸ್ ಕಡೆಗೆ ಹೋಗುವುದು ನಮ್ಮ ಯೋಜನೆ. ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳು ಸದಾ ಇರುತ್ತೇವೆ. ಊರಿನಿಂದ ಅತ್ತೆ, ಮಾವ ಬಂದಾಗ ಆರು ಜನ. ನಡುವೆ ಗಾಳಿ ಬಿಟ್ಟು ಎರಡು ಗಾಜು ಕೂಡಿಸಿದ ಜೋಡಿ ಗಾಜಿನ ಕಿಟಕಿ ಬೇಕಾದರೆ ಹೆಚ್ಚಿನ ಹಣ ಕೊಟ್ಟು ಬೇರೆಯಾಗಿ ಆರ್ಡರ್ ಮಾಡಬೇಕಂತೆ. ಮಾರಾಟಗಾರರು "ಅದು ತೂಕ ಹೆಚ್ಚು, ನಾಲ್ಕೈದು ವರ್ಷಕ್ಕೆ ಎರಡು ಗಾಜುಗಳ ನಡುವೆ ಮಂಜು ಕಟ್ಟುತ್ತದೆ, ಒಂಟಿ ಗಾಜೇ ಸಾಕು" ಎನ್ನುತ್ತಾರೆ. ಕನ್ನಡ ಕೂಟದ ಸ್ನೇಹಿತರೊಬ್ಬರು "ಒಂಟಿ ಗಾಜಿನದನ್ನು ಕೊಳ್ಳಲೇಬೇಡಿ" ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಓದುಗರೊಬ್ಬರು, ಮಿನೆಸೋಟ

ಉತ್ತರ: ನೀವು ಹೇಳಿದ ಮೂರು ಪ್ರವಾಸಗಳನ್ನೂ ನಿಜವಾಗಿ ಮಾಡುವವರಾದರೆ ಜೋಡಿ ಗಾಜನ್ನೇ ಆರ್ಡರ್ ಮಾಡಿ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಾತ್ರ ಟ್ರೇಲರ್ ಹೊರತೆಗೆಯುವವರಾಗಿದ್ದರೆ ನನ್ನ ಉತ್ತರ ಬೇರೆಯೇ ಆಗಿರುತ್ತಿತ್ತು. ಕಿಟಕಿಯ ಆಯ್ಕೆಯನ್ನು ಕಂಪನಿಯ ಹೊಳಪಿನ ಪುಸ್ತಿಕೆ ನೋಡಿ ನಿರ್ಧರಿಸುವುದಕ್ಕಿಂತ, ವರ್ಷದಲ್ಲಿ ಎಷ್ಟು ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅದರೊಳಗೆ ಮಲಗುತ್ತೀರಿ ಎಂದು ಲೆಕ್ಕ ಹಾಕಿ ನಿರ್ಧರಿಸುವುದು ಸರಿ. ಯೆಲ್ಲೋಸ್ಟೋನ್ ಬಹುಪಾಲು ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಜೂನ್ ತಿಂಗಳ ರಾತ್ರಿಯೂ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗುವುದುಂಟು. ಆದ್ದರಿಂದ ನಿಮ್ಮ ಬೇಸಿಗೆಯ ಪ್ರವಾಸವನ್ನೂ ಪೂರ್ತಿ ಬೇಸಿಗೆಯೆಂದು ಎಣಿಸಲಾಗದು.

ಹೆಚ್ಚಿನವರು ಜೋಡಿ ಗಾಜನ್ನು ಬೆಚ್ಚಗಿರುವ ಸಲುವಾಗಿ ಕೇಳುತ್ತಾರೆ. ನಾನು ಅದನ್ನು ಹೇಳುವುದು ಮೊದಲಿಗೆ ನೀರಿನ ಕಾರಣಕ್ಕಾಗಿ. ನಮ್ಮ ಮೊದಲ ಟ್ರೇಲರ್ ಹಳೆಯದು, ಮರದ ಚೌಕಟ್ಟಿನದು, ಒಂಟಿ ಗಾಜಿನ ಕಿಟಕಿಗಳದು. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಎದ್ದು ನೋಡಿದಾಗ ಗಾಜಿನ ಮೇಲೆ ನೀರು ಗೆರೆಗೆರೆಯಾಗಿ ಇಳಿದು, ಅಲ್ಯುಮಿನಿಯಂ ಚೌಕಟ್ಟಿನ ಕೆಳಗಿನ ಅಂಚಿನಲ್ಲಿ ತೆಳುವಾದ ಮಂಜುಗಡ್ಡೆಯಾಗಿ ನಿಂತಿತ್ತು. ಕಿಟಕಿಗೆ ತಲೆ ಹಾಕಿ ಮಲಗಿದ್ದ ಮಗಳ ದಿಂಬು ಒಂದು ಬದಿ ಪೂರ್ತಿ ಒದ್ದೆಯಾಗಿತ್ತು. ಬಟ್ಟೆಯಿಂದ ಒರೆಸಿ, ದಿಂಬನ್ನು ಬಿಸಿಲಿಗೆ ಹಾಕಿ ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು. ಮೂರು ವರ್ಷ ಕಳೆದ ಮೇಲೆ ಅದೇ ಕಿಟಕಿಯ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ನೆನೆದ ರಸ್ಕಿನಂತೆ ಒಳಗೆ ಹೋಯಿತು. ಗೋಡೆಯ ಹಾಳೆ ಬಿಚ್ಚಿದರೆ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡು ಕಪ್ಪು ಬೂಷ್ಟು ಹಿಡಿದಿತ್ತು. ಹೊರಗಿನಿಂದ ಒಂದು ಹನಿ ಮಳೆಯೂ ಸೋರಿರಲಿಲ್ಲ. ಅಷ್ಟೂ ನಮ್ಮ ಉಸಿರಿನ, ನಮ್ಮ ಅಡುಗೆಯ ನೀರು.

ಇದರ ಲೆಕ್ಕ ಕಷ್ಟದ್ದಲ್ಲ. ನಿಮ್ಮ ಟ್ರೇಲರಿನ ಒಳಗೆ ಸುಮಾರು 30 ಘನ ಮೀಟರ್ ಗಾಳಿ ಹಿಡಿಯುತ್ತದೆ ಎಂದುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ಗಾಳಿ ಹೆಚ್ಚೆಂದರೆ ಅರ್ಧ ಲೀಟರಿನಷ್ಟು ನೀರನ್ನು ಆವಿಯಾಗಿ ಹೊರಬಲ್ಲದು. ನಾಲ್ವರು ಎಂಟು ಗಂಟೆ ಮಲಗಿದರೆ ಉಸಿರು ಮತ್ತು ಚರ್ಮದಿಂದ ಹೊರಡುವ ನೀರೇ ಒಂದು ಲೀಟರಿನ ಹತ್ತಿರ ಬರುತ್ತದೆ. ಅಡುಗೆಯದು ಬೇರೆ. ಪ್ರೊಪೇನ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಕಿಲೋ ಅನಿಲಕ್ಕೆ ಒಂದೂ ಅರ್ಧ ಕಿಲೋಗಿಂತ ಹೆಚ್ಚು ನೀರಾವಿ. ಎರಡು ಕಿಲೋವ್ಯಾಟಿನ ಸಾಮಾನ್ಯ ಒಲೆ ಒಂದು ಗಂಟೆ ಉರಿದರೆ ಜ್ವಾಲೆಯೊಂದರಿಂದಲೇ ಕಾಲು ಲೀಟರ್ ನೀರು ಗಾಳಿಗೆ ಸೇರುತ್ತದೆ. ಅದರ ಮೇಲೆ ಕುಕ್ಕರ್ ಮೂರು ಕೂಗು ಕೂಗಿ, ಸಾರು ಕುದಿದು, ಬೆಳಿಗ್ಗೆ ಇಡ್ಲಿ ಬೆಂದರೆ ಆ ಉಗಿಯೂ ಅದಕ್ಕೆ ಕೂಡುತ್ತದೆ. ನಮ್ಮ ಅಡುಗೆ ಹೆಚ್ಚಾಗಿ ಬೇಯಿಸುವ, ಕುದಿಸುವ ಅಡುಗೆಯಾದ್ದರಿಂದ ಕನ್ನಡ ಮನೆಯವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಈ ಆವಿ ಒಳಗಿನ ಅತ್ಯಂತ ತಣ್ಣನೆಯ ಜಾಗವನ್ನು ಹುಡುಕಿಕೊಂಡು ಅಲ್ಲಿ ನೀರಾಗುತ್ತದೆ. ಒಳಗೆ 20 ಡಿಗ್ರಿ ಉಷ್ಣತೆ, ನೂರಕ್ಕೆ 50ರಷ್ಟು ತೇವಾಂಶ ಇದ್ದರೆ 9 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮೈ ಸುಮಾರು 5 ಡಿಗ್ರಿಗೆ ಇಳಿಯುತ್ತದೆ, ಜೋಡಿ ಗಾಜಿನ ಒಳಮೈ 12 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ. ಅಂದರೆ ಅದೇ ರಾತ್ರಿ, ಅದೇ ಗಾಳಿಯಲ್ಲಿ ಮೊದಲನೆಯದು ತೊಯ್ದಿರುತ್ತದೆ, ಎರಡನೆಯದು ಒಣಗಿರುತ್ತದೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಾದರೆ ಒಂಟಿ ಗಾಜಿನ ಒಳಮೈಯೇ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಜೋಡಿ ಗಾಜು 8 ಡಿಗ್ರಿಯ ಹತ್ತಿರ ನಿಂತು ಅಲ್ಪಸ್ವಲ್ಪ ಬೆವರುತ್ತದೆ. ಅಕ್ಟೋಬರಿನ ಉತ್ತರ ದಂಡೆಗೂ ಡಿಸೆಂಬರಿನಲ್ಲಿ ಮಿನೆಸೋಟ, ಅಯೋವ ದಾಟುವ ರಾತ್ರಿಗಳಿಗೂ ಈ ಅಂತರ ಬಹಳ ದೊಡ್ಡದು.

ಇನ್ನು ಶಾಖದ ಉಳಿತಾಯ. ಕಿಟಕಿಗಳ ಒಟ್ಟು ವಿಸ್ತೀರ್ಣ 3 ಚದರ ಮೀಟರ್, ಒಳಗೂ ಹೊರಗೂ 30 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಂಡರೆ ಒಂಟಿ ಗಾಜು ಸುಮಾರು 520 ವ್ಯಾಟ್, ಜೋಡಿ ಗಾಜು ಸುಮಾರು 270 ವ್ಯಾಟ್ ಶಾಖವನ್ನು ಹೊರಗೆ ಬಿಡುತ್ತದೆ. ಉಳಿಯುವ 250 ವ್ಯಾಟನ್ನು ಅನಿಲದ ಲೆಕ್ಕಕ್ಕೆ ತಂದರೆ ದಿನಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಂದರೆ 20 ಪೌಂಡಿನ ಒಂದು ಸಿಲಿಂಡರ್ ಉಳಿಯಲು ಸುಮಾರು ಹದಿನೈದು ಕೊರೆಯುವ ದಿನಗಳು ಬೇಕು. ವರ್ಷಕ್ಕೆ ಹತ್ತಿಪ್ಪತ್ತು ರಾತ್ರಿ ಮಾತ್ರ ಚಳಿಯಲ್ಲಿ ಕಳೆಯುವವರಿಗೆ ಈ ಉಳಿತಾಯದಿಂದ ಕಿಟಕಿಯ ಹೆಚ್ಚುವರಿ ಬೆಲೆ ಎಂದಿಗೂ ಹುಟ್ಟುವುದಿಲ್ಲ. "ಅನಿಲ ಉಳಿಯುತ್ತದೆ" ಎಂಬ ಒಂದೇ ಕಾರಣಕ್ಕೆ ಜೋಡಿ ಗಾಜು ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಕಿಟಕಿಯ ಪಕ್ಕ ಕುಳಿತಾಗ ಬೆನ್ನಿಗೆ ತಟ್ಟುವ ಚಳಿ ಕಡಿಮೆಯಾಗುವುದು, ಶಿಬಿರದಲ್ಲಿ ನೆರೆಯವರ ಜನರೇಟರ್ ಸದ್ದು ತಗ್ಗುವುದು ಮೊದಲ ರಾತ್ರಿಯೇ ಅನುಭವಕ್ಕೆ ಬರುತ್ತದೆ. ವಯಸ್ಸಾದ ಅತ್ತೆ, ಮಾವನವರಿಗೆ ಇದು ಸಣ್ಣ ಸಂಗತಿಯಲ್ಲ.

ಮಾರಾಟಗಾರರ ಎರಡು ಆಕ್ಷೇಪಗಳಲ್ಲಿ ತೂಕದ್ದು ಅಷ್ಟು ಗಟ್ಟಿಯಲ್ಲ. ಸುಮಾರು ಮೂರು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 8 ಕಿಲೋ ತೂಗುತ್ತದೆ, ಆದ್ದರಿಂದ ಇನ್ನೊಂದು ಪದರದಿಂದ ನಿಮ್ಮ ಟ್ರೇಲರಿಗೆ ಸೇರುವುದು 25 ಕಿಲೋ ಇರಬಹುದು. ನೀರಿನ ತೊಟ್ಟಿಗೆ ಏಳು ಗ್ಯಾಲನ್ ಕಡಿಮೆ ತುಂಬಿದರೆ ಆ ಲೆಕ್ಕ ಸರಿಹೋಗುತ್ತದೆ. ಬಾಗಿಲ ಬಳಿ ಅಂಟಿಸಿರುವ ಹಳದಿ ಚೀಟಿಯಲ್ಲಿ ಎಷ್ಟು ಸಾಮಾನು ಹೊರಬಹುದೆಂದು ಬರೆದಿರುತ್ತದೆ. ಆ ಅಂಕಿಯೇ ತೀರಾ ಕಡಿಮೆಯಿದ್ದರೆ ಬದಲಾಯಿಸಬೇಕಾದ್ದು ಟ್ರೇಲರನ್ನು. ಮಂಜು ಕಟ್ಟುವ ಮಾತು ಮಾತ್ರ ನಿಜ. ಅದರ ಬಗ್ಗೆ ಮುಂದಿನ ಪ್ರಶ್ನೆಗೆ ಉತ್ತರಿಸುವಾಗ ವಿವರವಾಗಿ ಬರೆದಿದ್ದೇನೆ, ನೀವೂ ತಪ್ಪದೆ ಓದಿ.

ಜೋಡಿ ಗಾಜು ಹಾಕಿಸಿದ ಮಾತ್ರಕ್ಕೆ ನೀರಿನ ಕಾಟ ಪೂರ್ತಿ ತಪ್ಪುವುದೆಂದು ನಂಬಬೇಡಿ. ಹೆಚ್ಚಿನ ಅಮೆರಿಕನ್ ಟ್ರೇಲರ್‌ಗಳ ಕಿಟಕಿ ಚೌಕಟ್ಟು ಒಳಗಿನಿಂದ ಹೊರಗಿನವರೆಗೆ ಒಂದೇ ಅಲ್ಯುಮಿನಿಯಂ ತುಂಡು. ಗಾಜು ಒಣಗಿದ್ದರೂ ಚೌಕಟ್ಟು ಬೆವರುತ್ತದೆ. ಅಡುಗೆ ಮಾಡುವಾಗ ಛಾವಣಿಯ ಫ್ಯಾನ್ ಓಡಿಸಿ, ಎದುರಿನ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ. ಕಾರ್ಬನ್ ಮಾನಾಕ್ಸೈಡ್ ಅಪಾಯ ತಪ್ಪಿಸಲಿಕ್ಕೂ ಇದು ಬೇಕೇ ಬೇಕು. ಟ್ರೇಲರಿಗೆ ಅಳವಡಿಸಿ ಬಂದಿರುವ ಹೀಟರ್ ತನ್ನ ಹೊಗೆಯನ್ನು ಹೊರಗೆ ಬಿಡುವುದರಿಂದ ಅದರ ನೀರಾವಿ ಒಳಗಿನ ಗಾಳಿಗೆ ಸೇರುವುದಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ, ಹೊಗೆ ಕೊಳವೆಯಿಲ್ಲದ ಪ್ರೊಪೇನ್ ಹೀಟರ್ ತನ್ನೆಲ್ಲ ನೀರಾವಿಯನ್ನೂ ನಿಮ್ಮ ಕೋಣೆಗೇ ಸುರಿಯುತ್ತದೆ. ಮಕ್ಕಳು ಮಲಗುವ ಜಾಗಕ್ಕೆ ಅದನ್ನು ತರಲೇಬೇಡಿ.

ಆರ್ಡರಿಗೆ ಸಹಿ ಹಾಕುವ ಮುನ್ನ ಅದೇ ಮಾದರಿಯ ಟ್ರೇಲರ್ ಒಂದರೊಳಗೆ ಹೋಗಿ ಪ್ರತಿ ಕಿಟಕಿಯನ್ನೂ ಕೈಯಾರೆ ತೆರೆದು ನೋಡಿ. ಹೊರಗಿನಿಂದ ಚೌಕಟ್ಟು ಕಾಣದ, ಕಪ್ಪು ಗಾಜಿನ ಹೊಸ ಮಾದರಿಯ ಕಿಟಕಿಗಳು ನೋಡಲು ಬಹಳ ಚೆಂದ, ಆದರೆ ಅವುಗಳಲ್ಲಿ ಹಲವು ಕೆಳಗಿನ ಅಂಚಿನಲ್ಲಿ ಕೆಲವೇ ಅಂಗುಲ ತೆರೆದುಕೊಳ್ಳುತ್ತವೆ. ಒಗ್ಗರಣೆಯ ಹೊಗೆಗೆ ಅಷ್ಟು ಸಾಲದು. "ನಾಲ್ಕು ಋತುಗಳಿಗೂ ಸೈ" ಎಂದು ಬರೆದಿದ್ದರೆ ಅದರಲ್ಲಿ ಜೋಡಿ ಗಾಜು ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ, ಏಕೆಂದರೆ ಅಮೆರಿಕದಲ್ಲಿ ಆ ಮಾತನ್ನು ಒಂದೊಂದು ಕಂಪನಿ ಒಂದೊಂದು ಅರ್ಥದಲ್ಲಿ ಬಳಸುತ್ತದೆ. ಯುರೋಪಿನ ಮಾನದಂಡದಲ್ಲಿ ಮೂರನೇ ದರ್ಜೆ ಎಂದರೆ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಒಳಗೆ 20 ಡಿಗ್ರಿಗೆ ಬಿಸಿ ಮಾಡಲು ಸಾಧ್ಯವಾಗಬೇಕು. ಅಂಥ ಸ್ಪಷ್ಟತೆ ಇಲ್ಲಿಯೂ ಇದ್ದಿದ್ದರೆ ಕೊಳ್ಳುವವರ ಕಷ್ಟ ಎಷ್ಟೋ ಕಡಿಮೆಯಾಗುತ್ತಿತ್ತು. ಕಾರ್ಖಾನೆಯಲ್ಲೇ ಜೋಡಿ ಗಾಜು ಹಾಕಿಸಿಕೊಳ್ಳುವುದಕ್ಕಿಂತ ಆಮೇಲೆ ಎಲ್ಲ ಕಿಟಕಿಗಳನ್ನೂ ಬದಲಾಯಿಸುವುದು ಬಹಳ ದುಬಾರಿ. ಆದ್ದರಿಂದ ಮನಸ್ಸು ಮಾಡುವುದಿದ್ದರೆ ಈಗಲೇ ಮಾಡಿ.

ಪ್ರಶ್ನೆ: ಡೆನ್ವರ್‌ನಲ್ಲಿರುವ ನಾನು ಆರು ವರ್ಷ ಹಳೆಯ ಟ್ರೇಲರ್ ನೋಡಿ ಬಂದೆ. ಎರಡು ಕಿಟಕಿಗಳಲ್ಲಿ ಹಾಲು ಚೆಲ್ಲಿದಂಥ ಕಲೆ ಇದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಬೆಲೆ ಚೆನ್ನಾಗಿದೆ. ಕೊಳ್ಳಬಹುದೇ? ಆ ಎರಡಕ್ಕೂ ಒಂಟಿ ಗಾಜು ಹಾಕಿಸಿಬಿಡಲೇ?
— ಓದುಗರೊಬ್ಬರು, ಕೊಲೊರಾಡೊ

ಉತ್ತರ: ಒಳಗೂ ಹೊರಗೂ ಒರೆಸಿದ ಮೇಲೂ ಕಲೆ ಉಳಿದಿದೆ ಎಂದರೆ ಅದು ಎರಡು ಗಾಜುಗಳ ನಡುವೆ ಇದೆ, ಸೀಲ್ ಬಿಟ್ಟಿದೆ. ಎರಡು ಗಾಜುಗಳ ನಡುವಿನ ಅಂಚಿನಲ್ಲಿ ಟೊಳ್ಳಾದ ಪಟ್ಟಿಯೊಂದಿರುತ್ತದೆ, ಅದರೊಳಗೆ ತೇವ ಹೀರುವ ಸಣ್ಣ ಕಾಳುಗಳನ್ನು ತುಂಬಿ ಸುತ್ತಲೂ ಅಂಟಿನಿಂದ ಮುಚ್ಚಿರುತ್ತಾರೆ. ಅಂಟು ಎಲ್ಲಿಯಾದರೂ ಒಂದೆಡೆ ಬಿರುಕು ಬಿಟ್ಟರೆ ತೇವದ ಗಾಳಿ ಒಳಗೆ ನುಸುಳುತ್ತದೆ. ಕಾಳುಗಳು ಹೀರುವಷ್ಟು ಹೀರಿ ದಣಿದ ಮೇಲೆ ಗಾಜು ಮಸುಕಾಗತೊಡಗುತ್ತದೆ, ವರ್ಷಗಳು ಕಳೆದಂತೆ ನೀರು ಬಿಟ್ಟುಹೋದ ಲವಣ ಗಾಜಿಗೇ ಹತ್ತಿಕೊಂಡು ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ನಿಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇರಬಹುದು. ಅಮೆರಿಕದ ಆರ್‌ವಿಗಳ ದೊಡ್ಡ ಪಾಲು ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತದೆ, ಆ ಪ್ರದೇಶ ಸಮುದ್ರಮಟ್ಟದಿಂದ ಇನ್ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ. ಅಂಥ ತಗ್ಗಿನ ನಾಡಿನಲ್ಲಿ ಸೀಲ್ ಮಾಡಿದ ಗಾಳಿಯನ್ನು ಹೊತ್ತ ಕಿಟಕಿ, 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದವರೆಗೆ, ಅಂದರೆ ಸುಮಾರು 3,400 ಮೀಟರ್ ಎತ್ತರಕ್ಕೆ ಏರಿದಾಗ ಹೊರಗಿನ ಗಾಳಿಯ ಒತ್ತಡ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ತಗ್ಗಿರುತ್ತದೆ. ಒಳಗಿನ ಗಾಳಿ ಹಿಗ್ಗಲು ಹೋಗಿ ಎರಡೂ ಗಾಜುಗಳನ್ನು ಹೊರಕ್ಕೆ ಉಬ್ಬಿಸುತ್ತದೆ, ಆ ಎಳೆತವೆಲ್ಲ ಅಂಚಿನ ಅಂಟಿನ ಮೇಲೆ ಬೀಳುತ್ತದೆ. ಇಳಿದಾಗ ಮತ್ತೆ ಒಳಕ್ಕೆ. ಇದರ ಜೊತೆಗೆ ರಸ್ತೆಯ ಕುಲುಕಾಟ, ಹಗಲಿನ ಬಿಸಿಲು, ರಾತ್ರಿಯ ಚಳಿ. ಮನೆಯ ಜೋಡಿ ಗಾಜು ಇಪ್ಪತ್ತು ವರ್ಷ ಬಾಳಿದರೂ ಟ್ರೇಲರಿನದು ಅಷ್ಟು ಬಾಳದಿರುವುದಕ್ಕೆ ಇದೇ ಕಾರಣ. ಎತ್ತರದ ಊರುಗಳಿಗೆಂದು ಗಾಜಿನ ಅಂಚಿನಲ್ಲಿ ಸೂಜಿಯಷ್ಟು ತೆಳುವಾದ ಕೊಳವೆ ಇಟ್ಟು ಒತ್ತಡ ಸಮವಾಗುವಂತೆ ಮಾಡುವ ಕ್ರಮವಿದೆ. ಹೊಸ ಗಾಜು ಮಾಡಿಸುವಾಗ ಅದನ್ನು ಕೇಳಿ.

ಮಸುಕಾದ ಕಿಟಕಿ ಅಪಾಯಕಾರಿಯಲ್ಲ. ಅದು ಶಾಖ ತಡೆಯುವ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ, ಹಾಳಾಗಿರುವುದು ಮುಖ್ಯವಾಗಿ ನೋಟ. ಹಾಗಾಗಿ ಎರಡು ಮಸುಕಾದ ಗಾಜುಗಳ ಕಾರಣಕ್ಕೆ ಟ್ರೇಲರನ್ನು ಬಿಡಬೇಡಿ, ಆದರೆ ಅವುಗಳನ್ನು ತೋರಿಸಿ ಬೆಲೆ ಇಳಿಸಲು ಕೇಳಿ. ಅದಕ್ಕಿಂತ ಮುಖ್ಯವಾಗಿ ಪ್ರತಿ ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲೂ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲಿಯಾದರೂ ಮೆತ್ತಗಿದ್ದರೆ ಅಥವಾ ಗೋಡೆಯ ಹಾಳೆ ಉಬ್ಬಿದ್ದರೆ, ಬೆಲೆ ಎಷ್ಟೇ ಚೆನ್ನಾಗಿರಲಿ, ಹಿಂದೆ ಬನ್ನಿ. ಉಳಿದ ಕಿಟಕಿಗಳಲ್ಲಿ ನಿಜವಾಗಿ ಎರಡು ಗಾಜು ಇವೆಯೇ ಎಂದು ತಿಳಿಯಲು ಮೊಬೈಲ್ ಟಾರ್ಚನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿಯಿರಿ. ಒಂಟಿ ಗಾಜಿನಲ್ಲಿ ಬೆಳಕಿನ ಎರಡು ಪ್ರತಿಬಿಂಬಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಜೋಡಿ ಗಾಜಿನಲ್ಲಿ ಅಂಥ ಎರಡು ಜೋಡಿಗಳು ದೂರ ದೂರ ಕಾಣುತ್ತವೆ.

ಒಂಟಿ ಗಾಜಿಗೆ ಬದಲಾಯಿಸುವ ನಿಮ್ಮ ಆಲೋಚನೆ ಅಡುಗೆಮನೆಯ ಸಣ್ಣ ಕಿಟಕಿಗೆ ಸರಿಯೆನ್ನಬಹುದು, ಹಾಸಿಗೆಯ ಪಕ್ಕದ್ದಕ್ಕೆ ಬೇಡ. ಕಲ್ಲು ಸಿಡಿದು ಒಡೆದರೆ ಒಂಟಿ ಗಾಜನ್ನು ಊರಿನ ಗಾಜಿನ ಅಂಗಡಿಯವರೇ ತರಿಸಿಕೊಡುತ್ತಾರೆ, ಜೋಡಿ ಗಾಜಿಗೆ ಅಳತೆ ಕಳುಹಿಸಿ ವಾರಗಟ್ಟಲೆ ಕಾಯಬೇಕಾಗಬಹುದು. ಒಂಟಿ ಗಾಜಿನ ಪರವಾಗಿ ಇದು ನ್ಯಾಯವಾದ ಮಾತು. ಯಾವುದನ್ನೇ ಹಾಕಿಸಿ, ಗಾಜಿನ ಮೂಲೆಯಲ್ಲಿ ವಾಹನಕ್ಕೆ ಯೋಗ್ಯವೆಂದು ಸೂಚಿಸುವ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಗುರುತು ಇರುವುದನ್ನೇ ಆರಿಸಿ. ಮನೆಗೆಂದು ಮಾಡಿದ ಕಿಟಕಿಯನ್ನು ಅಳತೆ ಹೊಂದುತ್ತದೆಂದು ತಂದು ಕೂರಿಸಬೇಡಿ. ಕೆಂಪು ಹಿಡಿಯಿರುವ ಕಿಟಕಿ ಬೆಂಕಿಯ ವೇಳೆ ಹೊರಬರುವ ದಾರಿಯಾದ್ದರಿಂದ ಅದರ ಅಳತೆಯನ್ನಾಗಲಿ ತೆರೆಯುವ ರೀತಿಯನ್ನಾಗಲಿ ಬದಲಾಯಿಸುವಂತಿಲ್ಲ.

ಕಿಟಕಿ ಬಿಚ್ಚುವ ಕೆಲಸ ಕೈಲಾಗದ್ದೇನಲ್ಲ. ಒಳಗಿನ ಸುತ್ತುಪಟ್ಟಿಯ ಸ್ಕ್ರೂಗಳನ್ನು ತೆಗೆದರೆ ಚೌಕಟ್ಟು ಹೊರಗಡೆಯಿಂದ ಕಳಚುತ್ತದೆ, ಆದ್ದರಿಂದ ಹೊರಗೊಬ್ಬರು ಹಿಡಿದುಕೊಂಡು ನಿಂತಿರಲೇಬೇಕು. ಚೌಕಟ್ಟಿಗೂ ಗೋಡೆಗೂ ನಡುವೆ ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿಯನ್ನು, ಅಂದರೆ ಹಳೆಯ ಬ್ಯುಟೈಲ್ ಟೇಪನ್ನು ಪೂರ್ತಿ ಕೆರೆದು ಹೊಸದನ್ನು ಸುತ್ತಲೂ ಒಂದೇ ಎಳೆಯಾಗಿ, ಕೂಡುವ ಜಾಗ ಕೆಳಗಡೆ ಬರುವಂತೆ ಅಂಟಿಸಿ. ಚೌಕಟ್ಟಿನ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಬಿಟ್ಟಿರುವ ಸಣ್ಣ ಕಿಂಡಿಗಳನ್ನು, ಸೋರುವ ತೂತುಗಳೆಂದು ತಿಳಿದು ಸಿಲಿಕೋನ್ ತುಂಬಿ ಮುಚ್ಚಿದವರನ್ನು ನಾನು ಕಂಡಿದ್ದೇನೆ. ಆ ನೀರು ಗೋಡೆಯೊಳಗೆ ಇಳಿಯದೆ ಬೇರೆ ದಾರಿಯಿರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ಟ್ರಾವೆಲರ್ ವ್ಯಾನನ್ನು ಪ್ರವಾಸದ ಮನೆಯಾಗಿ ಮಾಡಿಸುತ್ತಿದ್ದೇನೆ. ಬಿಸಿಲು ತಡೆಯಲೆಂದು ಎಲ್ಲ ಕಿಟಕಿಗಳಿಗೂ ಜೋಡಿ ಗಾಜು ಮಾಡಿಸಲು ಯೋಚಿಸಿದ್ದೇನೆ. ಮುಂದೊಮ್ಮೆ ಲಡಾಖ್‌ಗೆ ಹೋಗುವ ಆಸೆಯೂ ಇದೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಆ ಹಣವನ್ನು ಉಳಿಸಿಕೊಳ್ಳಿ. ಬಿಸಿಲಿನ ಶಾಖ ಗಾಜಿನ ಮೂಲಕ ಬೆಳಕಾಗಿ ಒಳಗೆ ಬರುತ್ತದೆ, ನಡುವಿನ ಗಾಳಿಯ ಪದರ ಅದನ್ನು ಹೆಚ್ಚು ತಡೆಯುವುದಿಲ್ಲ. ತಿಳಿ ಗಾಜು ಒಂದೇ ಇದ್ದರೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ 85ರಷ್ಟು ಒಳಬರುತ್ತದೆ, ಎರಡಿದ್ದರೂ 75ರಷ್ಟು ಬಂದೇ ಬರುತ್ತದೆ. ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ, ಹೊರಗಡೆಯೇ ತಡೆಯಬೇಕು. ಬದಿಯಲ್ಲಿ ಸುತ್ತಿಡಬಹುದಾದ ಚಪ್ಪರ, ನಿಂತಾಗ ಹೊರಗಿನಿಂದ ಕಟ್ಟುವ ನೆರಳು ಬಟ್ಟೆ, ಛಾವಣಿಯಲ್ಲಿ ಗಾಳಿ ಎಳೆದು ಹಾಕುವ ಫ್ಯಾನ್, ಕಿಟಕಿಗಳಿಗೆ ಸೊಳ್ಳೆ ಪರದೆ, ಈ ನಾಲ್ಕಕ್ಕೆ ಖರ್ಚು ಮಾಡಿದರೆ ಕರ್ನಾಟಕದ ಯಾವ ಊರಿನಲ್ಲಾದರೂ ನೆಮ್ಮದಿಯಾಗಿ ಮಲಗಬಹುದು. ಬೆಂಗಳೂರಿನ ಜನವರಿ ರಾತ್ರಿಗೆ, ಕೊಡಗಿನ ಚಳಿಗೆ ಒಂಟಿ ಗಾಜು ಧಾರಾಳವಾಗಿ ಸಾಕು.

ಲಡಾಖ್‌ನ ಮಾತು ನಿಮ್ಮ ಯೋಜನೆಗೆ ಇನ್ನೂ ವಿರುದ್ಧವಾಗಿದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸೀಲ್ ಮಾಡಿದ ಗಾಜನ್ನು ಹೊತ್ತು 5,300 ಮೀಟರಿಗೂ ಎತ್ತರದ ಖಾರ್ದುಂಗ್ ಲಾ ದಾಟಿದರೆ, ಕೊಲೊರಾಡೊದವರಿಗೆ ಮೇಲೆ ಹೇಳಿದ ಉಬ್ಬರ ಇನ್ನೂ ಹೆಚ್ಚಾಗುತ್ತದೆ. ಆ ಪ್ರವಾಸಕ್ಕೆಂದು ಪ್ರತಿ ಕಿಟಕಿಯ ಅಳತೆಗೆ ಕತ್ತರಿಸಿದ, ಬೆಳ್ಳಿ ಹಾಳೆ ಅಂಟಿಸಿದ ಫೋಮ್ ಹಲಗೆಗಳನ್ನು ಮಾಡಿಸಿಕೊಂಡು ರಾತ್ರಿ ಒಳಗಿನಿಂದ ಒತ್ತಿ ಕೂರಿಸಿ. ಬೆಳಿಗ್ಗೆ ತೆಗೆದಾಗ ಗಾಜು ಒದ್ದೆಯಾಗಿರುತ್ತದೆ, ಒಣ ಬಟ್ಟೆಯಿಂದ ಒರೆಸಿಬಿಡಿ. ಹಗಲೂ ನೋಟ ಬೇಕೆನ್ನುವವರು ಮೂರು ಮಿಲಿಮೀಟರ್ ಅಕ್ರಿಲಿಕ್ ಹಾಳೆಯ ಸುತ್ತ ಮ್ಯಾಗ್ನೆಟ್ ಪಟ್ಟಿ ಹಚ್ಚಿ ಒಳಗಿನಿಂದ ತೆಗೆದು ಹಾಕುವಂತೆ ಮಾಡಿಸಬಹುದು. ಅದರ ತೂಕ ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ. ಅಕ್ರಿಲಿಕ್ಕನ್ನು ಅಮೋನಿಯ ಇರುವ ಗಾಜು ಶುಚಿಕಾರಕದಿಂದ ಒರೆಸಬೇಡಿ, ಜೇಡರ ಬಲೆಯಂಥ ಸೀಳುಗಳು ಬೀಳುತ್ತವೆ. ಸಾಬೂನು ನೀರು ಮತ್ತು ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಕಿಟಕಿಗೆಂದು ಹೊಸದಾಗಿ ಗೋಡೆ ಕತ್ತರಿಸುವುದಿದ್ದರೆ ಕೆಲಸ ಆರಂಭಿಸುವ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ. ನೋಂದಣಿಯಾದ ವಾಹನದ ರಚನೆ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ಕೇಳುತ್ತದೆ. ಗಾಜು ಭಾರತೀಯ ಮಾನದಂಡವಾದ ಐಎಸ್ 2553ರ ಗುರುತಿರುವ ಟಫನ್ಡ್ ಗಾಜೇ ಆಗಿರಲಿ. ಹಳೆಯ ಕಿಟಕಿಗಳನ್ನೇ ಉಳಿಸಿಕೊಳ್ಳುವುದಾದರೆ ಜೆ.ಸಿ. ರಸ್ತೆಯಲ್ಲಿ ಹೊಸ ರಬ್ಬರ್ ಬೀಡಿಂಗ್ ತಂದು ಎಲ್ಲ ಕಿಟಕಿಗಳಿಗೂ ಬದಲಾಯಿಸಿ, ಆಮೇಲೆ ಪೈಪಿನಿಂದ ಹೊರಗಡೆ ಹತ್ತು ನಿಮಿಷ ನೀರು ಬಿಟ್ಟು, ಒಳಗೆ ಕುಳಿತು ಪ್ರತಿ ಮೂಲೆಯನ್ನೂ ಒಣ ಕಾಗದದಿಂದ ಮುಟ್ಟಿ ನೋಡಿ. ಒಳಗಿನ ಮರದ ಕೆಲಸ ಆರಂಭಿಸುವುದು ಆ ಕಾಗದ ಒಣಗಿಯೇ ಉಳಿದ ಮೇಲೆ.